ಮೇ ತಿಂಗಳ ಬರವಣಿಗೆ ಲೆಕ್ಕ: ದೊಡ್ಡ ಕಾದಂಬರಿ ನಿಂತಿದೆ, ಸಣ್ಣದು ಓಡುತ್ತಿದೆ. ಯಾವುದನ್ನು ಹಿಡಿಯಲಿ?

ತೊಗರಿಹೊಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ತಿಂಗಳ ಕೊನೆಗೆ ಇಲ್ಲಿ ಬಂದು ಲೆಕ್ಕ ಒಪ್ಪಿಸುವುದು ನನಗೆ ರೂಢಿಯಾಗಿಬಿಟ್ಟಿದೆ. ಈ ಸಲ ಲೆಕ್ಕದ ಜೊತೆ ಒಂದು ಪ್ರಶ್ನೆಯೂ ಇದೆ.

ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ವರ್ಷವಿಡೀ ನಾನು ಕಾಯುವುದೇ ಈ ಎರಡು ತಿಂಗಳಿಗೆ. ಎರಡಕ್ಕೆ ಊಟ ಮುಗಿಸಿದರೆ ಸಂಜೆ ಆರರವರೆಗೆ ನನ್ನದೇ ರಾಜ್ಯ ಅಂತ ಅಂದುಕೊಂಡಿರುತ್ತೇನೆ. ಆಗುವುದೇ ಬೇರೆ. 43 ಡಿಗ್ರಿಯಲ್ಲಿ ನಮ್ಮ ಮನೆಯ ಮಹಡಿ ಕೋಣೆ ಕಾದ ಹಂಚು. ಕೂಲರ್ ಹಚ್ಚಿದರೆ ಹಾಳೆ ಹಾರುತ್ತವೆ, ಆರಿಸಿದರೆ ಬೆವರು ಮೊಣಕೈಯಿಂದ ಇಳಿದು ಈಗಷ್ಟೇ ಬರೆದ ಸಾಲಿನ ಮೇಲೆ ಬೀಳುತ್ತದೆ. ನಾನು ಇನ್ನೂ ಕೈಯಲ್ಲೇ ಬರೆಯುವವಳು. ಹಾಳೆಯ ಒಂದು ಮೂಲೆಗೆ ಶೇಂಗಾ ಹಿಂಡಿ ಡಬ್ಬಿ, ಇನ್ನೊಂದಕ್ಕೆ ಅತ್ತೆಯ ಅಡಕತ್ತರಿ, ಮತ್ತೊಂದಕ್ಕೆ ಮಗನ ಕಂಪಾಸ್ ಬಾಕ್ಸ್. ಕರೆಂಟ್ ಹೋಗಿ ಕೂಲರ್ ನಿಂತ ಕೂಡಲೇ ಮಲಗಿದ್ದವರೆಲ್ಲ ಎದ್ದು "ಚಾ ಆಯ್ತೇನ?" ಅಂತಾರೆ.

ಕೈಯಲ್ಲಿರುವುದು ಇಷ್ಟು:

ದೊಡ್ಡದು 1948ರ ಕಾದಂಬರಿ. ಬೀದರ್ ಕಡೆಯ ಒಂದು ಹಳ್ಳಿ. ನಿಜಾಮರ ಪರ ಹಿಂಸೆಗಿಳಿದಿದ್ದ ರಜಾಕಾರರ ಪಡೆಯ ಹೆದರಿಕೆಗೆ ಒಂದು ಮನೆತನ ರಾತ್ರೋರಾತ್ರಿ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗುತ್ತದೆ. ಸೆಪ್ಟೆಂಬರ್ 17ಕ್ಕೆ ನಿಜಾಮರ ಹೈದರಾಬಾದ್ ರಾಜ್ಯ ಭಾರತದ ಸೈನ್ಯಕ್ಕೆ ಶರಣಾದ ಮೇಲೆ ತಿರುಗಿ ಬರುತ್ತದೆ. ಹೋಗುವ ಭಾಗ ಬರೆದಾಗಿದೆ, ಚೆನ್ನಾಗೇ ಬಂದಿದೆ. ತಿರುಗಿ ಬರುವ ಭಾಗಕ್ಕೆ ಬಂದು ನಿಂತಿದೆ. ಚಳಿಗಾಲದಿಂದ ನಿಂತಲ್ಲೇ ನಿಂತಿದೆ.

ಸಣ್ಣದು ನಗೆ ಕಾದಂಬರಿ. ಬಸ್ ಸ್ಟ್ಯಾಂಡ್ ಹಿಂದೆ ಖಾನಾವಳಿ ನಡೆಸುವ ಅತ್ತೆ, ಸೊಸೆ. ಇದು ತಾನೇ ಬರೆಸಿಕೊಳ್ಳುತ್ತಿದೆ. ಒಂದು ವಾರಪತ್ರಿಕೆ ಧಾರಾವಾಹಿಗೆ ಕೇಳಿದೆ.

ಇದರ ನಡುವೆ ದೀಪಾವಳಿ ವಿಶೇಷಾಂಕಕ್ಕೆ ಒಂದು ಕತೆ ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಅದಕ್ಕೆ ಇನ್ನೂ ಒಂದು ಸಾಲೂ ಇಲ್ಲ.

ಜೂನ್ ಬಂತು, ಕಚೇರಿ ಮತ್ತೆ ಹತ್ತರಿಂದ ಐದೂವರೆ. ದೊಡ್ಡದನ್ನು ಪೆಟ್ಟಿಗೆಗೆ ಹಾಕಿ ಸಣ್ಣದನ್ನು ಮುಗಿಸಲಾ? ಎರಡನ್ನೂ ಒಟ್ಟಿಗೆ ನಡೆಸುವವರು ಯಾರಾದರೂ ಇದ್ದೀರಾ?

ಮಿರಗದಮಳೆ (ಜೇವರ್ಗಿ)

ಅಕ್ಕಾವ್ರೆ, ಖಾನಾವಳಿ ಮೊದಲು. ಹಸಿದು ಬಂದವರನ್ನು ಹೊರಗೆ ನಿಲ್ಲಿಸಬಾರದು.

ನಿತ್ಯಬರಹ (ಬೆಂಗಳೂರು, ಮೂಲ ಸೇಡಂ)

ಮೇಡಂ, ಸಮಸ್ಯೆ ಕಾದಂಬರಿಯದ್ದಲ್ಲ, ಶಿಸ್ತಿನದ್ದು. ಬೇಜಾರು ಮಾಡಿಕೊಳ್ಳಬೇಡಿ. ದಿನಕ್ಕೆ 500 ಪದ ಅಂತ ಇಟ್ಟುಕೊಳ್ಳಿ. ಬಿಸಿಲಿರಲಿ, ಮಳೆ ಇರಲಿ, ಮದುವೆ ಇರಲಿ. ತಿಂಗಳಿಗೆ 15 ಸಾವಿರ ಆಗುತ್ತದೆ. ಆರು ತಿಂಗಳಿಗೆ ದಪ್ಪ ಕಾದಂಬರಿಯ ಮೊದಲ ಕರಡು ಮುಗಿಯಿತು. ಬೆಳಿಗ್ಗೆ 5ಕ್ಕೆ ಎದ್ದರೆ ನಿಮ್ಮಲ್ಲೂ ತಂಪೇ ಇರುತ್ತದೆ ಅಲ್ವಾ? ನಾನು ಒಂದು ಎಕ್ಸೆಲ್ ಶೀಟ್ ಮಾಡಿದ್ದೇನೆ, ಬರೆದ ದಿನ ಹಸಿರು, ಬರೆಯದ ದಿನ ಕೆಂಪು. ಬೇಕಾದರೆ ಕಳಿಸುತ್ತೇನೆ.

ಮಿರಗದಮಳೆ

ಬೆಳಿಗ್ಗೆ 5ಕ್ಕೆ ತಂಪಾ? ತಮ್ಮಾ, ನೀನು ಸೇಡಂ ಬಿಟ್ಟು ಬಹಳ ದಿನ ಆಯ್ತು ಅನ್ನಿಸುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ರಾತ್ರಿ ಹನ್ನೆರಡಕ್ಕೂ ಗೋಡೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಬೆಳಗಿನ ಜಾವಕ್ಕೆ ಸ್ವಲ್ಪ ಗಾಳಿ ಬಂತು ಅಂದರೆ ಆಗ ಜನ ಮಲಗುತ್ತಾರೆ, ಬರೆಯಲು ಏಳುವುದಿಲ್ಲ.

ಆಮೇಲೆ ಎಲ್ಲರ ಬದುಕಿಗೂ ದಿನದ ಲೆಕ್ಕ ಹೊಂದುವುದಿಲ್ಲ. ನನ್ನದು ತೊಗರಿ. ಜೂನ್‌ನ ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ಬಿತ್ತನೆ, ಆಮೇಲೆ ಕಳೆ, ನವೆಂಬರ್ ಹೊತ್ತಿಗೆ ಹೂವು, ಕಾಯಿಕೊರಕದ ಚಿಂತೆ. ಡಿಸೆಂಬರ್, ಜನವರಿಯಲ್ಲಿ ರಾಶಿ. ಆಗ ನೀನು ಹಸಿರು ಕೆಂಪು ಅಂತ ಶೀಟ್ ಕೊಟ್ಟರೆ ಪೂರಾ ಕೆಂಪೇ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಭಜ್ಜಿ, ರೊಟ್ಟಿ ಉಂಡು, ರಾಶಿ ಮುಗಿಸಿ ಮಾರಿ ಬಂದ ಮೇಲೆ ನನ್ನ ಬರವಣಿಗೆ ಶುರು. ಫೆಬ್ರವರಿಯಿಂದ ಮೇವರೆಗೆ. ಅಕ್ಕಾವ್ರ ಹಂಗೇ. ಉಳಿದ ತಿಂಗಳು ಸುಮ್ನೆ ತಲೆಯಲ್ಲಿ ಬರೆಯುತ್ತಿರುತ್ತೇನೆ. ಅದೂ ಬರವಣಿಗೆಯೇ.

ನಿತ್ಯಬರಹ

ತಲೆಯಲ್ಲಿ ಬರೆದದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ ಅಣ್ಣ.

ಓದುಗಮಾತ್ರ (ಯಾದಗಿರಿ)

ಈ ಲೆಕ್ಕ ಬರೆಯುವ ಹೊತ್ತಿಗೆ ಇನ್ನೆರಡು ಪುಟ ಆಗುತ್ತಿತ್ತು.

ತೊಗರಿಹೊಲ

@ಓದುಗಮಾತ್ರ, ನಿಮ್ಮ ಮಾತು ನಿಜ ಇರಬಹುದು. ಆದರೆ ಲೆಕ್ಕ ಕೇಳುವವರು ಯಾರೂ ಇಲ್ಲದಿದ್ದರೆ ಆ ಎರಡು ಪುಟವೂ ಆಗುವುದಿಲ್ಲ. ಮನೆಯಲ್ಲಿ ನನ್ನ ಕಾದಂಬರಿ ಬಗ್ಗೆ ಕೇಳುವುದು ಒಂದೇ ಪ್ರಶ್ನೆ: "ಇದಕ್ಕ ಎಷ್ಟ ಕೊಡ್ತಾರ?"

ವಾಡಿಜಂಕ್ಷನ್ (ನಿವೃತ್ತ ರೈಲ್ವೆ)

ತಾಯಿ, ನಿಮ್ಮ ಕಾದಂಬರಿಯ ಮಂದಿ ಊರು ಬಿಟ್ಟು ಹೋಗುವಾಗ ಯಾವ ದಾರಿ ಹಿಡಿಯುತ್ತಾರೆ? ಯಾಕೆ ಕೇಳಿದೆ ಅಂದರೆ, ಹೋದ ವರ್ಷ ಪರಿಚಯದವರೊಬ್ಬರು ಇದೇ ಕಾಲದ ಬಗ್ಗೆ ಬರೆದ ಹಸ್ತಪ್ರತಿ ಕೊಟ್ಟಿದ್ದರು. ಅದರಲ್ಲಿ ನಾಯಕ 1948ರಲ್ಲಿ ಬೀದರ್‌ನಲ್ಲಿ ರೈಲು ಹತ್ತಿ ನೇರ ಕಲಬುರಗಿಗೆ ಬಂದು ಇಳಿಯುತ್ತಾನೆ! ಬೀದರ್-ಕಲಬುರಗಿ ಲೈನು ಶುರುವಾದದ್ದು 2017ರ ಅಕ್ಟೋಬರ್‌ನಲ್ಲಿ. ಆಗ ಬೀದರ್‌ನಿಂದ ರೈಲಿನಲ್ಲಿ ಬರಬೇಕು ಅಂದರೆ ವಿಕಾರಾಬಾದ್‌ಗೆ ಹೋಗಿ ಅಲ್ಲಿಂದ ವಾಡಿ ಕಡೆಗೆ ಸುತ್ತಬೇಕಿತ್ತು.

ಇನ್ನೊಂದು. ಕಲಬುರಗಿ ನಿಜಾಮರ ರಾಜ್ಯದ ಊರಾದರೂ ಅದರ ಮೇಲೆ ಹೋಗುವ ಮುಂಬೈ-ಮದರಾಸು ಲೈನು ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಕಂಪನಿಯದು. ವಾಡಿಯಿಂದ ಹೈದರಾಬಾದ್ ಕಡೆಗಿನದು ನಿಜಾಮರ ರೈಲ್ವೆ. ಎರಡು ಕೂಡುವ ಜಾಗ ವಾಡಿ. ಬರೆಯುವವರು ಇದನ್ನೆಲ್ಲ ಒಂದೇ ಮಾಡಿಬಿಡುತ್ತಾರೆ. ಆ ಕಾಲದ ಸ್ಟೇಷನ್ ಬಗ್ಗೆ ಏನು ಬೇಕಿದ್ದರೂ ಕೇಳಿ. ನಮ್ಮ ತಂದೆಯೂ ಅಲ್ಲೇ ದುಡಿದವರು.

ತೊಗರಿಹೊಲ

ಕಾಕಾ, ನಮ್ಮ ಮಂದಿ ಬಂಡಿಯಲ್ಲಿ ಹೋಗುತ್ತಾರೆ. ಹಗಲು ತೊಗರಿ ಹೊಲದಲ್ಲಿ ಅಡಗಿ, ರಾತ್ರಿ ನಡೆದು, ಉಮರ್ಗಾ ದಾಟಿ ನಳದುರ್ಗ ಬಳಸಿ ಸೊಲ್ಲಾಪುರ. ರೈಲು ಹತ್ತುವಷ್ಟು ರೊಕ್ಕ ಅವರ ಹತ್ತಿರ ಇಲ್ಲ.

ಹುಮನಾಬಾದ್‌ಹುಡುಗಿ

ಅಕ್ಕ, ಇದೇ ದಾರಿಯಲ್ಲಿ ಅಲ್ವಾ ಸೈನ್ಯ ಬಂದದ್ದು? ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ನಮ್ಮ ರಾಜೇಶ್ವರ, ಜಹೀರಾಬಾದ್. ಸೆಪ್ಟೆಂಬರ್ 13ಕ್ಕೆ ಶುರುವಾಗಿ 17ಕ್ಕೆ ಮುಗಿಯಿತು. ಅಂದರೆ ನಿಮ್ಮವರು ಹೋದ ದಾರಿಯಲ್ಲೇ ಅವರು ಎದುರಾಗಿ ಬಂದರು. ಈಗ ಅಲ್ಲಿ ಬರೀ ಢಾಬಾ, ಲಾರಿ.

ತೊಗರಿಹೊಲ

ಹೌದಮ್ಮ, ಅದೇ ರಸ್ತೆ. ನನ್ನವರು ಸೈನ್ಯದ ಹಿಂದೆಯೇ ಬಂಡಿ ಹೊಡೆದುಕೊಂಡು ತಿರುಗಿ ಬರುತ್ತಾರೆ.

ಇನ್ನೊಂದು ವಿಷಯ ಗೊತ್ತಿದ್ದವರು ಹೇಳಿ. ಆಗಿನ ಹಳ್ಳಿಯ ಜನ ತಿಂಗಳು, ವರ್ಷ ಹೇಗೆ ಎಣಿಸುತ್ತಿದ್ದರು? ಹಬ್ಬ, ಅಮಾವಾಸ್ಯೆ ಲೆಕ್ಕ ಸರಿ. ಆದರೆ ಕಾಗದ ಪತ್ರದಲ್ಲಿ? ನನ್ನ ಪಾತ್ರ ಒಬ್ಬ ಪಟವಾರಿ, ಹಳ್ಳಿಯ ಕಂದಾಯ ಲೆಕ್ಕ ಬರೆಯುವವ.

ಚೌಬಾರಾ (ಬೀದರ್)

ಪಟವಾರಿ ಅಂದರೆ ಫಸಲಿ, ಅಂದರೆ ನಿಜಾಮರ ಕಂದಾಯ ವರ್ಷದ ಲೆಕ್ಕವೇ ಬರೆಯಬೇಕು ಅಕ್ಕಾವ್ರೆ. 1948ರ ಸೆಪ್ಟೆಂಬರ್ ಅಂದರೆ 1357 ಫಸಲಿ. ಇಸವಿಯಿಂದ 590 ಕಳೆದರೆ ಹತ್ತಿರಕ್ಕೆ ಬರುತ್ತದೆ. ಆದರೆ ವರ್ಷ ಶುರುವಾಗುವುದು ಅಕ್ಟೋಬರ್ ಮೊದಲ ವಾರಕ್ಕೆ, ಆಜುರ್ ತಿಂಗಳಿಂದ, ಅದು ನೆನಪಿರಲಿ. ಆಜುರ್, ದೈ, ಬಹಮನ್ ಹೀಗೆ ಹೋಗಿ ಕೊನೆಗೆ ಆಬಾನ್. ಹಳೆ ಕಂದಾಯ ಕಾಗದ, ಶಾಲೆ ಸರ್ಟಿಫಿಕೇಟು ಎಲ್ಲ ಹೀಗೇ, ಅದೂ ಉರ್ದುವಿನಲ್ಲಿ. ರೊಕ್ಕವೂ ಎರಡು ಥರ. ನಿಜಾಮರದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ್. ಸುಮಾರು 7 ಹಾಲಿ ಕೊಟ್ಟರೆ 6 ಕಲ್ದಾರ್. ಸೊಲ್ಲಾಪುರ ಸೇರಿದ ಮೇಲೆ ನಿಮ್ಮ ಮಂದಿ ಮೊದಲು ಮಾಡಬೇಕಾದ ಕೆಲಸವೇ ರೊಕ್ಕ ಬದಲಾಯಿಸುವುದು. ಅಲ್ಲಿ ವಟ್ಟದಲ್ಲಿ (ರೊಕ್ಕ ಬದಲಿಸುವಾಗ ಮುರಿದುಕೊಳ್ಳುವ ಹಣದಲ್ಲಿ) ಮೋಸ ಮಾಡುವವನೊಬ್ಬ ಸಿಗದಿದ್ದರೆ ಅದು ಕಾದಂಬರಿಯೇ ಅಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನದೂ ಒಂದು ನಿಂತಿತ್ತು. ಬಿದರಿ ಕೆಲಸದ ಮನೆತನದ ಕತೆ. ಪುಸ್ತಕ ಓದಿ ಬರೆಯುತ್ತಿದ್ದಾಗ ಪಾತ್ರಗಳೆಲ್ಲ ಮ್ಯೂಸಿಯಂ ಗೈಡ್ ಹಾಗೆ ಮಾತಾಡುತ್ತಿದ್ದರು. ಆಮೇಲೆ ಒಬ್ಬ ಉಸ್ತಾದರ ಕಾರ್ಖಾನೆಯಲ್ಲಿ ಸುಮ್ನೆ ಕೂರಲು ಶುರು ಮಾಡಿದೆ. ಸತು, ತಾಮ್ರ ಕರಗಿಸಿ ಎರಕ ಹೊಯ್ದ ಹೂಜಿ ಮೊದಲು ಬೂದು ಬಣ್ಣದ್ದು. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಮಾಡುತ್ತಾರೆ, ಗೆರೆ ಕಾಣಲಿ ಅಂತ. ಗೆರೆ ಕೊರೆದು, ಬೆಳ್ಳಿ ತಂತಿಯನ್ನು ಕೂದಲು ಬಾಚಿದ ಹಾಗೆ ಕೂರಿಸಿ ಸುತ್ತಿಗೆಯಿಂದ ತಟ್ಟಿ, ಉಜ್ಜಿಬಿಟ್ಟರೆ ಕಪ್ಪೆಲ್ಲ ಹೋಗುತ್ತದೆ. ಆಗ ಬೆಳ್ಳಿ ಯಾವುದು, ಮೈ ಯಾವುದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿ ಸವರಿದರೆ ಮೈ ಮಾತ್ರ ಕರ್ರಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣನ್ನು ಉಸ್ತಾದರು ಚೂರು ನಾಲಿಗೆಗೆ ಇಟ್ಟು ನೋಡಿ, "ಇದು ನಡೀತದ" ಅಥವಾ "ಒಯ್ದು ಚೆಲ್ಲು" ಅಂತಿದ್ದರು. ನನ್ನ ಕಾದಂಬರಿ ಶುರುವಾದದ್ದು ಅವರು ಥೂ ಅಂತ ಉಗುಳಿದ ಒಂದು ಮಧ್ಯಾಹ್ನದಿಂದ.

ಹಾಗಾಗಿ ಪೆಟ್ಟಿಗೆಗೆ ಹಾಕಬೇಡಿ. ನಿಂತದ್ದು ಸಾಮಗ್ರಿ ಸಾಲದೇ ಇರಬಹುದು. ತಾರ್ನಾಕಾದ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಿ ಬನ್ನಿ, ನಿಜಾಮರ ಕಾಲದ ಕಾಗದ ರಾಶಿಯೇ ಅಲ್ಲಿದೆ.

ನಿತ್ಯಬರಹ

ಶುರುವಾಯ್ತು ನೋಡಿ. ಪತ್ರಾಗಾರಕ್ಕೆ ಹೋದವರು ಕಾದಂಬರಿ ಬರೆಯುವುದಿಲ್ಲ, ಪಿಎಚ್‌ಡಿ ಮಾಡುತ್ತಾರೆ. ಸಂಶೋಧನೆ ಅನ್ನುವುದು ಬರೆಯದೇ ಇರಲು ಸಿಗುವ ಅತಿ ಮರ್ಯಾದಸ್ಥ ನೆಪ.

ಚೌಬಾರಾ

ನಿಮ್ಮ ಎಕ್ಸೆಲ್ ಶೀಟಿನಲ್ಲಿ ಮಣ್ಣಿನ ರುಚಿಗೆ ಒಂದು ಕಾಲಂ ಇದೆಯಾ ಸರ್?

ಹುಮನಾಬಾದ್‌ಹುಡುಗಿ

ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಕತೆಗಳೆಲ್ಲ ಡಿಟಿಪಿ ಅಂಗಡಿಯಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. ಈಗ ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಯೂನಿಕೋಡ್ ಮಾಡುವುದು ಹೇಗೆ? ವಾಯ್ಸ್ ಟೈಪಿಂಗ್ ಮಾಡೋಣ ಅಂದರೆ ನಮ್ಮ ಮಾತು ಅದಕ್ಕೆ ಅರ್ಥವೇ ಆಗುವುದಿಲ್ಲ. "ಎಲ್ಲಿ ಹೋಗ್ಲತ್ತಿ" ಅಂದರೆ "ಎಲ್ಲಿ ಹೋಗಲಿ ಹತ್ತಿ" ಅಂತ ಹೊಡೆಯುತ್ತದೆ.

ಡಿಟಿಪಿಮಾಮಾ (ಕಲಬುರಗಿ)

ಅಂಗಡಿಯವರನ್ನು ಬೈಯಬೇಡಮ್ಮ. ಈಗಲೂ ಎಷ್ಟೋ ಪ್ರೆಸ್‌ಗಳು ಪೇಜ್‌ಮೇಕರ್‌ನಲ್ಲೇ ಇವೆ, ಅದಕ್ಕೆ ಹಳೆ ನುಡಿಯೇ ಬೇಕು. ಕನ್ವರ್ಟರ್ ಸಿಗುತ್ತದೆ. ಆದರೆ ಅರ್ಕಾವತ್ತು, ಕೆಲವು ಒತ್ತಕ್ಷರ ಕೆಡುತ್ತವೆ, ಕೂತು ಒಂದೊಂದೇ ತಿದ್ದಬೇಕು. ಇನ್ನು ಮುಂದೆ ಮೊದಲೇ ಯೂನಿಕೋಡ್‌ನಲ್ಲಿ ಮಾಡಿಸಿ, ಒಂದು ಪ್ರತಿ ನಿಮ್ಮ ಮೇಲ್‌ಗೆ ಹಾಕಿಸಿಕೊಳ್ಳಿ.

ತೊಗರಿಹೊಲ ಮೇಡಂ ಅವರು ಕೈಬರಹ ಅಂತಾರೆ. ಬರೆದದ್ದನ್ನೆಲ್ಲ ಫೋಟೋ ತೆಗೆದು ಇಟ್ಟುಕೊಂಡಿದ್ದೀರಾ? ಇಲ್ಲ ಅಂದರೆ ಇವತ್ತೇ ತೆಗೆಯಿರಿ. ಉಳಿದ ಚರ್ಚೆ ಆಮೇಲೆ.

ಸುರಪುರದವ

ಕೆಲಸ ಮಾಡುತ್ತಾ ಕಾದಂಬರಿ ಬರೆಯುವುದರ ಬಗ್ಗೆ ನಮ್ಮೂರ ಉದಾಹರಣೆ ಕೊಡುತ್ತೇನೆ. ಫಿಲಿಪ್ ಮೆಡೋಸ್ ಟೇಲರ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ. 1840ರ ದಶಕದಲ್ಲಿ ಸುರಪುರಕ್ಕೆ ಬಂದು ಸುಮಾರು ಹತ್ತು ವರ್ಷ ಇಲ್ಲಿನ ಆಡಳಿತ ನೋಡಿಕೊಂಡ. ರಾಜ ವೆಂಕಟಪ್ಪ ನಾಯಕ ಆಗ ಚಿಕ್ಕ ಹುಡುಗ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಕೆರೆ, ರಸ್ತೆ, ಕಂದಾಯ, ತಂಟೆ ತಕರಾರು ಎಲ್ಲ ನೋಡುತ್ತಲೇ ಅವನು ಕಾದಂಬರಿಕಾರ! ಆದ್ದರಿಂದ ಕಚೇರಿ ನೆಪ ಹೇಳಬೇಡಿ ಮೇಡಂ.

ವಾಡಿಜಂಕ್ಷನ್

ಅರ್ಧ ಹೇಳಿದಿರಿ ಸಾಹೇಬರೆ. ಠಕ್ಕರ ಬಗೆಗಿನ ಅವನ ಮೊದಲ ಕಾದಂಬರಿ ಬಂದದ್ದು 1839ರಲ್ಲಿ, ಟಿಪ್ಪು ಬಗ್ಗೆ ಬರೆದದ್ದು 1840ರಲ್ಲಿ. ಆಗ ಅವನು ರಜೆ ಹಾಕಿ ಇಂಗ್ಲೆಂಡಿನಲ್ಲಿದ್ದ. ಸುರಪುರಕ್ಕೆ ಬಂದದ್ದು ಆಮೇಲೆ. ಮುಂದಿನ ಕಾದಂಬರಿಗಳೆಲ್ಲ 1860ರಲ್ಲಿ ಭಾರತ ಬಿಟ್ಟು ಹೋದ ಮೇಲೆ ಬಂದವು. ಅಂದರೆ ಸುರಪುರದ ಕಚೇರಿಯಲ್ಲಿ ಕೂತಿದ್ದಾಗ ಒಂದೂ ಕಾದಂಬರಿ ಬರಲಿಲ್ಲ! ನಿಮ್ಮ ಉದಾಹರಣೆ ಮೇಡಂ ಅವರ ಪರವಾಗಿಯೇ ಇದೆ.

ಸುರಪುರದವ

ಕಾಕಾ, ಕೆಲಸದಲ್ಲಿದ್ದಾಗ ಕಂಡದ್ದನ್ನೇ ಅಲ್ವಾ ಆಮೇಲೆ ಬರೆದದ್ದು? ಇರಲಿ, ರಜೆ ವಿಷಯ ಒಪ್ಪಿದೆ.

ಪರಸಿಕಲ್ಲು (ಶಹಾಬಾದ್)

ಟೇಲರ್ ಯಾಕೆ ಬೇಕು? ನಮ್ಮ ಗೀತಾ ನಾಗಭೂಷಣ ಅವರನ್ನು ನೋಡಿ. ಸಾವಳಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲೇ ಬದುಕಿದವರು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಇಪ್ಪತ್ತಕ್ಕೂ ಜಾಸ್ತಿ ಕಾದಂಬರಿ ಬರೆದರು. 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. 2010ರಲ್ಲಿ ಗದಗ ಸಮ್ಮೇಳನದ ಅಧ್ಯಕ್ಷೆ. ಅವರ ಪಾತ್ರಗಳು ಈ ಭಾಗದ ಮಾತನ್ನೇ ಆಡುತ್ತವೆ, ಯಾರ ಮುಲಾಜೂ ಇಲ್ಲದೆ.

ಅದಕ್ಕೇ ಒಂದು ಎಚ್ಚರಿಕೆ. ಧಾರಾವಾಹಿಗೆ ಕೊಡುವ ಮೊದಲು ಸಂಭಾಷಣೆ ತಿದ್ದುವುದಿಲ್ಲ ಅಂತ ಬರಹದಲ್ಲಿ ತೆಗೆದುಕೊಳ್ಳಿ. ನನ್ನ ಕಲ್ಲು ಗಣಿಯ ಕತೆ ಒಂದು ಪತ್ರಿಕೆಗೆ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ನೋಡಿದರೆ ಪರಸಿ ಒಡೆಯುವವ ತನ್ನ ಹೆಂಡತಿಗೆ "ನೀನು ಯಾಕೆ ಹೀಗೆ ಹೇಳುತ್ತಿರುವೆ?" ಅನ್ನುತ್ತಿದ್ದಾನೆ. ನಮ್ಮ ಮನೆಯಲ್ಲಿ ಓದಿ ನಕ್ಕದ್ದೇ ನಕ್ಕದ್ದು.

ಮಿರಗದಮಳೆ

ಅದಕ್ಕಿಂತ ದೊಡ್ಡ ಕಷ್ಟ, ತಿದ್ದುವಾಗ ಧಾರವಾಡದ ಮಾತು ಮಾಡುವುದು. ಬೆಂಗಳೂರಿನವರಿಗೆ ಬೆಳಗಾವಿಯಿಂದ ಬೀದರ್‌ವರೆಗೆ ಎಲ್ಲ ಒಂದೇ.

ಡಿಟಿಪಿಮಾಮಾ

ಪುಸ್ತಕವಾಗಿ ತರುವಾಗ ಆ ತೊಂದರೆ ಇಲ್ಲ. ಡೆಮಿ 1/8 ಅಳತೆ, ಮೊದಲು ಕೆಲವೇ ನೂರು ಪ್ರತಿ. ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ, ಸರ್ಕಾರದ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಹುಮನಾಬಾದ್ ಮಗಳು ಮೊದಲ ಪುಸ್ತಕ ತರುವುದಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ, ಅರ್ಜಿ ಕರೆಯುವುದನ್ನು ನೋಡುತ್ತಿರು. ಗ್ರಂಥಾಲಯದ ಸಗಟು ಖರೀದಿ ನಂಬಿ ಮಾತ್ರ ಸಾಲ ಮಾಡಬೇಡಿ. 2020ರ ಫೆಬ್ರವರಿಯಲ್ಲಿ ನಮ್ಮಲ್ಲೇ 85ನೇ ಸಮ್ಮೇಳನ ಆಯ್ತಲ್ಲ, ವಿಶ್ವವಿದ್ಯಾಲಯದ ಬಯಲಿನಲ್ಲಿ. ಅಲ್ಲಿ ಪುಸ್ತಕ ಮಳಿಗೆಯ ಸಂದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಮ್ಮ ಜನ ಓದುವುದಿಲ್ಲ ಅನ್ನುವುದು ಸುಳ್ಳು. ಪುಸ್ತಕ ನಮ್ಮೂರಿಗೆ ಬರುವುದಿಲ್ಲ ಅಷ್ಟೇ.

ಮಿರಗದಮಳೆ

ಅಕ್ಕಾವ್ರೆ, ಖಾನಾವಳಿಯಲ್ಲಿ ಊಟಕ್ಕೆ ಏನೇನು ಇಟ್ಟಿದ್ದೀರಿ? ಇದು ಮುಖ್ಯ.

ತೊಗರಿಹೊಲ

ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಮೊಸರು. ಸೊಸೆ ಬಂದ ಮೇಲೆ ಬೆಳಿಗ್ಗೆ ತಹರಿ (ಮಸಾಲೆ ಅನ್ನ) ಶುರು ಮಾಡುತ್ತಾಳೆ. ಅತ್ತೆ ಸೊಸೆ ಜಗಳದ ಮೂಲವೇ ಅದು.

ಮಿರಗದಮಳೆ

ಖಾನಾವಳಿಯಲ್ಲಿ ತಹರಿಯಾ! ತಹರಿ ತಿನ್ನಬೇಕಾದ್ದು ಬಂಡಿ ಹತ್ತಿರ ನಿಂತು. ನಾನು ಅತ್ತೆಯ ಪಕ್ಷ.

ಹುಮನಾಬಾದ್‌ಹುಡುಗಿ

ನಾನು ಸೊಸೆ ಪಕ್ಷ.

ಓದುಗಮಾತ್ರ

ಮೊದಲು ನಾನು ಚುಚ್ಚಿ ಬರೆದೆ, ಈಗ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ಮೇಡಂ ಅವರಿಗೆ ಹೊತ್ತು ಸಿಗುವುದು ಹೇಗೆ, ಸಾಮಗ್ರಿ ಎಲ್ಲಿ, ಟೈಪಿಂಗ್ ಯಾವುದು ಅಂತ ಹೇಳುತ್ತಿದ್ದೀರಿ. ಅದೇ ಬಿಸಿಲು, ಅದೇ ಕೋಣೆ, ಅದೇ ಮಧ್ಯಾಹ್ನ. ಖಾನಾವಳಿ ಓಡುತ್ತಿದೆ, 1948 ನಿಂತಿದೆ. ಹಾಗಾದರೆ ಕೂಲರ್‌ದು ತಪ್ಪಲ್ಲ. ನಿಂತದ್ದೂ ಎಲ್ಲೋ ಅಲ್ಲ, ಸರಿಯಾಗಿ "ತಿರುಗಿ ಬರುವ" ಜಾಗದಲ್ಲಿ.

ಹೋಗುವ ಭಾಗ ಬರೆಯುವುದಕ್ಕೆ ಒಂದು ದಾರಿ ಇದೆ. ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಎಲ್ಲರಿಗೂ ಗೊತ್ತು, ಅಲ್ಲಿ ಸ್ಮಾರಕವೂ ಇದೆ. ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಅದನ್ನು ಕೇಳುತ್ತೇವೆ, ಕೇಳಬೇಕಾದ್ದೇ. ಆದರೆ ಸೆಪ್ಟೆಂಬರ್ 17 ಆದ ಮೇಲಿನ ವಾರಗಳ ಮಾತು ಯಾರ ಭಾಷಣದಲ್ಲೂ ಬರುವುದಿಲ್ಲ. ದಿಲ್ಲಿ ಸರ್ಕಾರವೇ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಅವರನ್ನೊಳಗೊಂಡ ತಂಡ ಕಳಿಸಿತ್ತು. ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದದ್ದು ಅಂತ ಅವರು ಬರೆದ ನಾಲ್ಕು ಜಿಲ್ಲೆ: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಎರಡು ನಮ್ಮವೇ. ಆ ವರದಿಯನ್ನು ಸರ್ಕಾರ ದಶಕಗಟ್ಟಲೆ ಹೊರಗೆ ಬಿಡಲಿಲ್ಲ.

ಮೇಡಂ, ನಿಮ್ಮ ಬಂಡಿ ಆ ವಾರಗಳಲ್ಲೇ ಊರಿಗೆ ಬರುತ್ತಿದೆ. ಅವರು ಬಂದು ಏನು ನೋಡುತ್ತಾರೆ ಅಂತ ನಿಮಗೆ ಗೊತ್ತು. ಬರೆಯಲು ಮನಸ್ಸಿಲ್ಲ. ಹೌದೋ ಅಲ್ಲವೋ?

ಗಡಿಯಂಚು (ಬಸವಕಲ್ಯಾಣ)

ಮುಚ್ಚಿ ಹೋದದ್ದನ್ನು ಯಾಕೆ ಕೆದಕಬೇಕು? ನಮ್ಮ ಹಿರಿಯರು ಅನುಭವಿಸಿದ್ದು ಸಾಕಾಗಿದೆ. ಹೀಗೆ "ಅವರದೂ ಇವರದೂ" ಅಂತ ತೂಗಲು ಹೋದರೆ ರಜಾಕಾರರು ಮಾಡಿದ್ದು ಸಣ್ಣದಾಗಿ ಕಾಣುತ್ತದೆ. ಈಗಿನ ಕಾಲದಲ್ಲಿ ಒಂದು ಪುಟ ಫೋಟೋ ತೆಗೆದು ವಾಟ್ಸಪ್‌ಗೆ ಬಿಟ್ಟರೆ ಅಕ್ಕಾವ್ರಿಗೇ ತೊಂದರೆ. ಅದೂ ಸರ್ಕಾರಿ ನೌಕರಿ. ಖಾನಾವಳಿ ಬರೆಯಿರಿ, ನಾಲ್ಕು ಜನ ನಗಲಿ.

ಓದುಗಮಾತ್ರ

ತೂಗಿ ಅಂತ ಯಾರು ಹೇಳಿದರು? ತಕ್ಕಡಿ ಕಾದಂಬರಿಕಾರರ ಕೈಯಲ್ಲಿ ಇರುವುದಿಲ್ಲ. ಆ ಮನೆತನ ಊರಿಗೆ ಬಂದಾಗ ಏನು ಕಂಡಿತೋ ಅಷ್ಟು ಬರೆದರೆ ಸಾಕು. ಕಂಡದ್ದನ್ನು ಬಿಟ್ಟರೆ ಹೋಗುವ ಭಾಗವೂ ಸುಳ್ಳಾಗುತ್ತದೆ.

ಚೌಬಾರಾ

ನೌಕರಿ ವಿಷಯ ಗಡಿಯಂಚು ಹೇಳಿದ್ದರಲ್ಲಿ ಹುರುಳಿದೆ, ತಳ್ಳಿಹಾಕಬೇಡಿ. ಆದರೆ ಕೆದಕಬಾರದು ಅನ್ನುವುದನ್ನು ಒಪ್ಪಲಾರೆ. ನಮ್ಮ ಮನೆಯ ಹಿರಿಯರೂ ಮಾತಾಡಲಿಲ್ಲ. ಬೇರೆ ಕಡೆಯಿಂದ, ಅಷ್ಟೇ.

ತೊಗರಿಹೊಲ

ಉತ್ತರ ಬರೆಯಲು ತಡವಾಯಿತು.

ಈ ಕತೆ ನನಗೆ ಸಿಕ್ಕಿದ್ದು ನಮ್ಮ ಸಂಬಂಧದ ಒಬ್ಬ ಆಯಿಯಿಂದ. ಆಗ ಅವರು ಸಣ್ಣ ಹುಡುಗಿ. ಹೋದ ರಾತ್ರಿಯ ಬಗ್ಗೆ ಕೇಳಿದರೆ ಎಲ್ಲ ಹೇಳುತ್ತಾರೆ. ಬಂಡಿಯ ಗಾಲಿಗೆ ಸಪ್ಪಳ ಆಗಬಾರದು ಅಂತ ಹಳೆ ಕೌದಿ ಸುತ್ತಿದ್ದು, ಎತ್ತಿನ ಗಂಟೆ ಬಿಚ್ಚಿ ಹಿಟ್ಟಿನ ಡಬ್ಬಿಯಲ್ಲಿ ಹೂತದ್ದು, ತಮ್ಮ ಅಳಬಾರದು ಅಂತ ಬಾಯಿಗೆ ಬೆಲ್ಲ ಇಟ್ಟದ್ದು. ತಿರುಗಿ ಬಂದದ್ದರ ಬಗ್ಗೆ ಕೇಳಿದರೆ, "ನೀ ಮುಂದ ಕೇಳಬ್ಯಾಡ ಬೇ, ಚಾ ಕುಡಿ" ಅಂತಾರೆ. ಒಂದೇ ಒಂದು ಸಲ, ನಾನು ಏನೂ ಕೇಳದೇ ಇದ್ದಾಗ, ರೊಟ್ಟಿ ತಟ್ಟುತ್ತಾ ಹೇಳಿದರು. ಹೋಗುವಾಗ ಎಮ್ಮೆಯನ್ನು ಪಕ್ಕದ ಮನೆಯ ಖಾಸೀಮಣ್ಣನಿಗೆ ಒಪ್ಪಿಸಿ ಹೋಗಿದ್ದರಂತೆ. ಬಂದು ನೋಡಿದರೆ ಎಮ್ಮೆ ಇವರ ಅಂಗಳದಲ್ಲೇ ಕಟ್ಟಿತ್ತು, ಮುಂದೆ ಕಣಿಕಿ ಇತ್ತು. ಪಕ್ಕದ ಮನೆಗೆ ಬಾಗಿಲು ಇರಲಿಲ್ಲ. ಚೌಕಟ್ಟೂ ಇರಲಿಲ್ಲ. ಇಷ್ಟು ಹೇಳಿ, "ಹಂಚು ಆರ್ತದ, ಕಟಗಿ ಸರಿಸು" ಅಂದರು. ಆಮೇಲೆ ಆ ಮಾತೇ ಇಲ್ಲ. (ಹೆಸರು ಬದಲಿಸಿದ್ದೇನೆ.)

ಆ ಬಾಗಿಲನ್ನು ಕಿತ್ತವರು ಯಾರು? ಊರವರೇ ಅಲ್ವಾ? ಕಾದಂಬರಿಯಲ್ಲಿ ಅವರಿಗೂ ನಾನು ಹೆಸರು ಇಟ್ಟಿದ್ದೇನೆ, ಹೋಗುವ ಭಾಗದಲ್ಲಿ ಅವರನ್ನು ಒಳ್ಳೆಯವರಾಗಿ ಬರೆದಿದ್ದೇನೆ. ಒಬ್ಬ ಬಂಡಿಗೆ ಎತ್ತು ಕೊಟ್ಟವನು. ಅವನ ಕೈಗೇ ಈಗ ಹಾರೆ ಕೊಡಬೇಕು.

ಮಿರಗದಮಳೆ

ಖಾನಾವಳಿ ಮೊದಲು ಅಂದಿದ್ದೆ. ಹಿಂದಕ್ಕೆ ತಗೊಂಡೆ ಅಕ್ಕಾ.

ನಿತ್ಯಬರಹ

ಇದಕ್ಕೆ 500 ಪದದ ಲೆಕ್ಕ ನಡೆಯುವುದಿಲ್ಲ, ಗೊತ್ತಾಯ್ತು. ಆದರೆ ಒಂದು ಮಾತು. ಇಷ್ಟನ್ನು ಇಲ್ಲಿ ಬರೆದಿರಲ್ಲ ಮೇಡಂ, ಅದು ಬರಹವೇ. ಸುಮ್ಮನೆ ಅದನ್ನೇ ಹಾಳೆಗೆ ಇಳಿಸಿ.

ಪರಸಿಕಲ್ಲು

ನನಗೊಂದು ಉಪಾಯ ಹೊಳೆಯುತ್ತಿದೆ. ವಿಶೇಷಾಂಕಕ್ಕೆ ಕತೆ ಬೇಕು ಅಂದಿರಲ್ಲ? ಎಮ್ಮೆಯದನ್ನೇ ಕತೆ ಮಾಡಿ. ಬಂಡಿ ಊರ ಅಗಸಿಗೆ ಬಂದಲ್ಲಿಂದ ಎಮ್ಮೆ ಹಾಲು ಕರೆಯುವವರೆಗೆ. ಮೊದಲಿನದು ಹಿಂದಿನದು ಏನೂ ಬೇಡ. ಇಡೀ ಅಧ್ಯಾಯದ ಭಾರ ಹೊರುವುದು ಕಷ್ಟ, ಹತ್ತು ಪುಟ ಹೊರಬಹುದು.

ಚೌಬಾರಾ

ಬೇಡ. ಕತೆಯಲ್ಲಿ ಖರ್ಚಾಗಿಬಿಟ್ಟರೆ ಕಾದಂಬರಿಗೆ ಉಳಿಯುವುದಿಲ್ಲ. ನನಗೆ ಹಾಗಾಗಿದೆ. ಕತೆ ಅಚ್ಚಾಯಿತು, ನಾಲ್ಕು ಜನ ಭೇಷ್ ಅಂದರು, ಅಲ್ಲಿಗೆ ಒಳಗಿನ ಉರಿ ಆರಿತು.

ಪರಸಿಕಲ್ಲು

ಚಳಿಗಾಲದಿಂದ ನಿಂತದ್ದು ಹಾಗೇ ಉಳಿದರೆ ಯಾರ ಉರಿ ಉಳಿದಂತಾಯಿತು ಅಣ್ಣ?

ವಾಡಿಜಂಕ್ಷನ್

ಕತೆ ಆಗಲಿ ಕಾದಂಬರಿ ಆಗಲಿ, ಆಯಿಯ ಮಾತನ್ನು ಮೊದಲು ಮೊಬೈಲಿನಲ್ಲಿ ತುಂಬಿಸಿಕೊಳ್ಳಿ ತಾಯಿ. ಅವರು ಒಪ್ಪಿದರೆ ಮಾತ್ರ.

ತೊಗರಿಹೊಲ

ಕಾಕಾ, ಅವರು ಮೊಬೈಲ್ ಕಂಡರೆ ಸೆರಗು ಸರಿ ಮಾಡಿಕೊಂಡು ಭಜನೆ ಪದ ಶುರು ಮಾಡುತ್ತಾರೆ!

ಎಮ್ಮೆ ಕತೆ ಬರೆಯುತ್ತೇನೆ. ಅದು ಕಾದಂಬರಿಗೆ ಹೋಗುತ್ತದೋ ಇಲ್ಲವೋ ಆಮೇಲೆ ನೋಡೋಣ. ಖಾನಾವಳಿಯವರಿಗೆ ನವೆಂಬರ್‌ವರೆಗೆ ಕಾಯಿರಿ ಅಂತ ಹೇಳುತ್ತೇನೆ, ಸಂಭಾಷಣೆ ಮುಟ್ಟಬಾರದು ಅನ್ನುವುದನ್ನೂ ಬರೆದು ಕಳಿಸುತ್ತೇನೆ. ಡಿಟಿಪಿ ಮಾಮಾ, ಎಲ್ಲ ಹಾಳೆಯ ಫೋಟೋ ತೆಗೆಯಲು ಮಗನಿಗೆ ಹಚ್ಚಿದ್ದೇನೆ. ಪುಟಕ್ಕೆ ಇಷ್ಟು ಅಂತ ರೊಕ್ಕ ಕೇಳುತ್ತಿದ್ದಾನೆ. ಚೌಬಾರಾ ಅಣ್ಣಾವ್ರೆ, ನಮ್ಮ ಮನೆಯಲ್ಲಿ ಒಂದು ಗಂಟು ಉರ್ದು ಕಾಗದ ಇದೆ, ಆಜುರ್, ದೈ ಅಂತ ಇದ್ದರೂ ಇರಬಹುದು. ಓದಿ ಹೇಳುತ್ತೀರಾ?

ಚೌಬಾರಾ

ಫೋಟೋ ಬೇಡ, ಶಿಕಸ್ತಾ ಕೈಬರಹ ಇದ್ದರೆ ಫೋಟೋದಲ್ಲಿ ತಿಳಿಯುವುದಿಲ್ಲ. ಡೆಮು ರೈಲು ಹತ್ತಿ ನಾನೇ ಬರುತ್ತೇನೆ. ಹೆಂಗೂ 2017ರ ಮೇಲೆ ಇದ್ದೇವಲ್ಲ.

ಗಡಿಯಂಚು

ನಾನು ಹೇಳಿದ್ದು ನಿಮ್ಮ ಕಾಳಜಿಗೆ. ಕತೆ ಬಂದರೆ ಓದುತ್ತೇನೆ. ಓದಿದ ಮೇಲೆ ಜಗಳ ಮಾಡುತ್ತೇನೆ, ಅದೂ ಇದೆ.

ತೊಗರಿಹೊಲ

ಮಾಡಿ. ಓದಿ ಜಗಳ ಮಾಡುವವರು ಸಿಗುವುದೇ ಕಡಿಮೆ.

ಹುಮನಾಬಾದ್‌ಹುಡುಗಿ

ಮಾಮಾ, ನೀವು ಹೇಳಿದ ಕನ್ವರ್ಟರ್‌ನಲ್ಲಿ ಹಾಕಿದೆ. ಈಗ ಎಲ್ಲ 'ರ್ಯ'ಗಳೂ ಮಾಯ. ನನ್ನ ಕತೆಯ ಸೂರ್ಯ ಮುಳುಗಿಯೇ ಹೋದ. ಏನು ಮಾಡಲಿ?

ಡಿಟಿಪಿಮಾಮಾ

ಯಾವ ನುಡಿ ಅದು, ಹಳೆಯದೋ ಹೊಸದೋ? ಫೈಲ್ ಮೇಲ್ ಮಾಡು. ಪೆನ್‌ಡ್ರೈವ್ ತಂದುಕೊಡಬೇಡ, ಹೋದ ಸಲ ಒಬ್ಬರ ಪೆನ್‌ಡ್ರೈವ್‌ನಿಂದ ನನ್ನ ಮಷೀನಿಗೆಲ್ಲ ವೈರಸ್ ಹತ್ತಿತ್ತು.